ಅಪ್ಪೆಮಿಡಿ ಮರಕ್ಕೆ ತರಿಸಿದ ಹಗ್ಗ, ದಾರ ಮತ್ತು ಉಂಗುರವಿರುವ ಪಟ್ಟಿ: ಒಂದು ಸುಗ್ಗಿ ಬಳಸಿದ ಮೇಲೆ

ಮರ ಹತ್ತುವ ಸಾಮಾನು ತಗೊಳ್ಳಬೇಕು ಅಂದಾಗ ಎಲ್ಲರ ಕಣ್ಣು ಮೊದಲು ಹೋಗುವುದು ಸೊಂಟಕ್ಕೆ ಕಟ್ಟುವ ಹಾರ್ನೆಸ್ ಮೇಲೆ. ಮಾರುವವರೂ ಅದನ್ನೇ ಮುಂದಿಡುತ್ತಾರೆ. ಒಂದು ಮಿಡಿ ಸುಗ್ಗಿ ಪೂರ್ತಿ ಬಳಸಿದ ಮೇಲೆ ನಾನು ಹೇಳುವುದು ಬೇರೆ. ದುಡ್ಡು ಮೊದಲು ಹೋಗಬೇಕಾದ್ದು ನೆಲದಲ್ಲಿ ನಿಂತೇ ಹಗ್ಗವನ್ನು ಗಟ್ಟಿ ಕವಲಿಗೆ ಏರಿಸುವ ಸಾಮಾನಿಗೆ. ಅಂದರೆ ಎಸೆಯುವ ದಾರ, ಅದರ ತುದಿಯ ತೂಕದ ಚೀಲ, ಮತ್ತು ಒಂದು ಸರಿಯಾದ ಹಗ್ಗ. ಹಾರ್ನೆಸ್ ಎಷ್ಟೇ ಚೆನ್ನಾಗಿರಲಿ, ಹಗ್ಗದ ಇನ್ನೊಂದು ತುದಿ ಎಲ್ಲಿ ನಿಂತಿದೆ ಅನ್ನುವುದರ ಮೇಲೆ ಜೀವ ನಿಂತಿರುತ್ತದೆ.

ನಮ್ಮದು ಸಾಗರ ತಾಲ್ಲೂಕು. ತೋಟದ ಕೆಳಗೆ ಹಳ್ಳ, ಹಳ್ಳದ ಅಂಚಿಗೆ ಹಳೇ ಅಪ್ಪೆಮಿಡಿ ಮರಗಳು, ಅಂದರೆ ಮಿಡಿ ಉಪ್ಪಿನಕಾಯಿಯ ಮಾವು. ಮೊದಲ ಕೊಂಬೆ ಸಿಗಬೇಕಾದರೆ ಮೂವತ್ತು ಅಡಿ ಏರಬೇಕು. ಮಿಡಿಯನ್ನು ಬಡಿದು ಕೆಡವುವ ಹಾಗಿಲ್ಲ. ಪೆಟ್ಟು ಬಿದ್ದ ಮಿಡಿ ಉಪ್ಪಿನಲ್ಲಿ ಮೆತ್ತಗಾಗಿ ಕೊಳೆಯುತ್ತದೆ. ತೊಟ್ಟು ಸಮೇತ ಕೊಯ್ದು, ಬುಟ್ಟಿಯಲ್ಲಿ ಇಳಿಸಬೇಕು. ಹಾಗಾಗಿ ಮನುಷ್ಯ ಮೇಲೆ ಹೋಗಲೇಬೇಕು. ನಮ್ಮ ಕಡೆ ಕೊಯ್ಯುವವರು ಬರಿಗೈಲಿ ಏರಿ, ಮೇಲೆ ಹೋದ ಮೇಲೆ ಸೊಂಟಕ್ಕೊಂದು ಹಗ್ಗ ಸುತ್ತಿಕೊಳ್ಳುತ್ತಾರೆ. ಆ ಮೊದಲ ಮೂವತ್ತು ಅಡಿಯಲ್ಲಿ ಹಿಡಿಯುವುದಕ್ಕೆ ಏನೂ ಇರುವುದಿಲ್ಲ. ಬಿದ್ದು ಸೊಂಟ ಕಳೆದುಕೊಂಡವರ ಮನೆ ನಮ್ಮ ಸುತ್ತಲಿನ ಊರುಗಳಲ್ಲೇ ಇವೆ. ಅವರ ಮನೆಯವರ ಕಷ್ಟ ನೋಡಿದ ಮೇಲೆ, ಉಪ್ಪಿನಕಾಯಿಗಾಗಿ ಇನ್ನೊಬ್ಬರನ್ನು ಹಾಗೆ ಹತ್ತಿಸಲು ನನಗೆ ಮನಸ್ಸು ಬರಲಿಲ್ಲ.

ಅಕ್ಕನ ಮಗ ಬೆಂಗಳೂರಿನಲ್ಲಿದ್ದಾನೆ. ರಾಮನಗರದ ಬಂಡೆಗಳಲ್ಲಿ ಹಗ್ಗ ಕಟ್ಟಿ ಹತ್ತುವವನು. ಅವನೇ ಬಂದು ಕಲಿಸಿದ. ತನ್ನ ಹಳೇ ಹಗ್ಗವನ್ನು ಮಾತ್ರ ತರಲಿಲ್ಲ. "ಮಾವ, ಬಂಡೆ ಹತ್ತುವ ಹಗ್ಗ ಬಿದ್ದಾಗ ಹಿಗ್ಗಲಿ ಅಂತ ಮಾಡಿದ್ದು. ಮರಕ್ಕೆ ಅದು ಬೇಡ, ಹಿಗ್ಗದೇ ಇರೋದು ಬೇಕು" ಅಂದ. ಅವನ ಮಾತಿನಂತೆ ತರಿಸಿದ್ದು ಇವು: ಪೆಟ್ಜಲ್ ಕಂಪನಿಯ ಏರ್‌ಲೈನ್ ದಾರ, ಅದೇ ಕಂಪನಿಯ ಜೆಟ್ ಅನ್ನುವ ತೂಕದ ಚೀಲ, ದಾರ ತುಂಬಿಡುವ ಎಕ್ಲಿಪ್ಸ್ ಚೀಲ, 11 ಮಿಲಿಮೀಟರ್ ದಪ್ಪದ ಹಗ್ಗ, ಎರಡೂ ತುದಿಗೆ ಉಂಗುರವಿರುವ ಪಟ್ಟಿ, ಹಗ್ಗ ಸಿಕ್ಕಿಸುವ ಕೊಂಡಿ ಅಂದರೆ ಕ್ಯಾರಬಿನರ್‌ಗಳು. ಹಾರ್ನೆಸ್ ಮತ್ತು ಏರುವ ಸಾಧನದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದೇ ಒಂದು ದೊಡ್ಡ ವಿಷಯ.

ಮೊದಲು ದಾರ. ಎಲ್ಲದರಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದು ಇದು. ದಪ್ಪ 1.8 ಮಿಲಿಮೀಟರ್, ಉದ್ದ 60 ಮೀಟರ್. ನುಣುಪಾಗಿದೆ, ತೊಗಟೆಗೆ ಕಚ್ಚಿಕೊಳ್ಳುವುದಿಲ್ಲ, ಹಿಗ್ಗುವುದೂ ಇಲ್ಲ. ಮೊದಲು ನಾವು ಮೀನಿನ ಬಲೆಯ ದಾರಕ್ಕೆ ಕಲ್ಲು ಕಟ್ಟಿ ನೋಡಿದ್ದೆವು. ಅದು ಸುರುಳಿ ಬಿದ್ದು ಎಲೆಗೆಲ್ಲ ಸುತ್ತಿಕೊಳ್ಳುತ್ತಿತ್ತು. ಇದರಲ್ಲಿ ಆ ಕಾಟ ಇಲ್ಲ. ಜೆಟ್ ಚೀಲ ಬೇರೆ ಬೇರೆ ತೂಕದಲ್ಲಿ ಸಿಗುತ್ತದೆ. ನಾವು ತಗೊಂಡಿದ್ದು 300 ಗ್ರಾಮಿನದು. ಒರಟು ತೊಗಟೆಯ ಮೇಲಿಂದ ದಾರವನ್ನು ಎಳೆದುಕೊಂಡು ಕೆಳಗೆ ಬರಲು ಅಷ್ಟು ತೂಕ ಬೇಕು. ತೀರ ಹಗುರವಾದರೆ ಮೇಲೆಯೇ ತೂಗಾಡುತ್ತಾ ನಿಲ್ಲುತ್ತದೆ.

ಎಸೆಯುವುದು ಎರಡು ಥರ. ಒಂದೇ ಕೈಯಲ್ಲಿ ಚೀಲ ತೂಗಿ ಬಿಡುವುದು ಹತ್ತಿರದ ಕೊಂಬೆಗೆ. ಎತ್ತರಕ್ಕೆ ಬೇಕಾದರೆ ಕಾಲು ಅಗಲಿಸಿ ನಿಂತು, ಎರಡೂ ಕೈಯಲ್ಲಿ ದಾರ ಹಿಡಿದು, ಕಾಲುಗಳ ನಡುವೆ ಹಿಂದೆ ಮುಂದೆ ತೂಗಿ ಬಿಡಬೇಕು. ಕೆಳಗೆ ಯಾರೂ ಇರಬಾರದು, ಎಸೆಯುವವನ ತಲೆಗೆ ಹೆಲ್ಮೆಟ್ ಇರಬೇಕು. ಚೀಲ ಸಿಕ್ಕಿಕೊಂಡರೆ ಸಿಟ್ಟಿನಿಂದ ಎಳೆಯಬಾರದು. ಬಿಟ್ಟುಕೊಂಡ ಚೀಲ ನೇರ ಮುಖಕ್ಕೆ ಬರುತ್ತದೆ. ಬರಿಗೈಗೆ ದಾರ ಸುತ್ತಿ ಜಗ್ಗಿದರೆ ಕೈ ಕೊಯ್ಯುತ್ತದೆ, ಒಂದು ಕೋಲಿಗೆ ಸುತ್ತಿ ಜಗ್ಗಿ. ಇನ್ನೊಂದು ಎಚ್ಚರಿಕೆ ನಮ್ಮ ಕಡೆಯವರಿಗೆ: ದಾರ ಚಗಳಿ (ಕಚ್ಚುವ ಕೆಂಪಿರುವೆ) ಗೂಡಿನ ಮೇಲೆ ಹಾದರೆ ಚಗಳಿಗಳೆಲ್ಲ ದಾರ ಹಿಡಿದೇ ಇಳಿದು ಬರುತ್ತವೆ. ಎಸೆಯುವ ಮೊದಲು ಮರ ಸುತ್ತಿ ಚಗಳಿ ಗೂಡು, ಹೆಜ್ಜೇನು, ಪೊಟರೆಯ ತುಡುವೆ ಜೇನು ಎಲ್ಲಿದೆ ನೋಡಿಕೊಳ್ಳಿ. ಕರೆಂಟ್ ತಂತಿ ಹತ್ತಿರ ಇದ್ದರೆ ಆ ಮರದ ಸುದ್ದಿಯೇ ಬೇಡ.

ಎಕ್ಲಿಪ್ಸ್ ಚೀಲ ಸುಮ್ನೆ ಅಲಂಕಾರ ಅಂದುಕೊಂಡಿದ್ದೆ. ಬಳಸಿದ ಮೇಲೆ ಬಿಟ್ಟಿರಲು ಆಗುವುದಿಲ್ಲ. ಮಡಚಿದ್ದು ತಾನೇ ಬಿಚ್ಚಿಕೊಂಡು ಅಗಲ ಬಾಯಿಯ ಚೀಲವಾಗುತ್ತದೆ. ದಾರವನ್ನು ಹಾಗೇ ಒಳಗೆ ಬಿಡುತ್ತಾ ಹೋದರೆ ಸಾಕು, ಮುಂದಿನ ಸಲ ಎಸೆಯುವಾಗ ಗಂಟಾಗದೆ ಹೊರಗೆ ಬರುತ್ತದೆ. ತರಗೆಲೆಯ ಮೇಲೆ ದಾರ ಬಿಟ್ಟು ನೋಡಿ, ಆಗ ಇದರ ಬೆಲೆ ಗೊತ್ತಾಗುತ್ತದೆ.

ಆದರೆ ದಾರ ಮೇಲೆ ಹೋಯಿತು ಅಂದ ಕೂಡಲೇ ಕೆಲಸ ಮುಗಿಯಲಿಲ್ಲ. ಯಾವ ಕವಲು ಅನ್ನುವುದೇ ಮುಖ್ಯ. ನಾವು ನೋಡುವುದು ಹೀಗೆ. ಹಗ್ಗ ಕಾಂಡಕ್ಕೆ ಒತ್ತಿಕೊಂಡೇ ಇರಬೇಕು, ಕೊಂಬೆಯ ತುದಿ ಕಡೆ ಹೋಗಬಾರದು. ಹಸಿ ಕೊಂಬೆಯೇ ಆಗಬೇಕು, ಮೇಲೆ ಹಸಿರೆಲೆ ಕಾಣಬೇಕು. ದಪ್ಪ ನಾಲ್ಕು ಇಂಚಿಗಿಂತ ಕಡಿಮೆ ಇದ್ದರೆ ನಾವು ಮುಟ್ಟುವುದಿಲ್ಲ. ಮಾವಾದ್ದರಿಂದ ಇನ್ನೂ ಸ್ವಲ್ಪ ಜಾಸ್ತಿಯೇ ನೋಡುತ್ತೇವೆ. ಹುಣಸೆ ಕೊಂಬೆ ಬಾಗಿದರೂ ಬೇಗ ಮುರಿಯುವುದಿಲ್ಲ. ನೇರಳೆ, ನುಗ್ಗೆ ಹಾಗಲ್ಲ, ಗಟ್ಟಿಯಾಗಿ ಕಂಡರೂ ಪಟ್ಟನೆ ಹೋಗುತ್ತವೆ. ಕವಲಿನ ಬುಡ ಅಗಲವಾಗಿ, ದುಂಡಗೆ ಕೂಡಿರಬೇಕು. ಎರಡು ಕೊಂಬೆ ಒಂದಕ್ಕೊಂದು ಒತ್ತಿಕೊಂಡು ಕಿರಿದಾಗಿ ಏರಿದ್ದರೆ, ನಡುವೆ ತೊಗಟೆ ಒಳಗೇ ಸಿಕ್ಕಿಕೊಂಡು ಕೂಡಿಕೆ ಬಿಗಿಯಾಗಿರುವುದಿಲ್ಲ. ಅಂಥದ್ದು ಸೀಳುತ್ತದೆ.

ಬಂದಳಿಕೆ ಹಿಡಿದ ಕೊಂಬೆಯನ್ನು ನಾವು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ದೂರದಿಂದ ಹಸಿರಾಗಿ ಕಾಣುತ್ತದೆ, ಹಸಿರು ಬಂದಳಿಕೆಯದ್ದು, ಕೊಂಬೆ ಒಣಗುತ್ತಾ ಬಂದಿರುತ್ತದೆ. ಕಾಂಡಕೊರಕದ ಪುಡಿ ಬುಡದಲ್ಲಿ ಬಿದ್ದಿದೆಯಾ, ಅಣಬೆ ಎದ್ದಿದೆಯಾ, ಪೊಟರೆ ಇದೆಯಾ ಎಂದು ದುರ್ಬೀನಿನಲ್ಲಿ ನೋಡುತ್ತೇವೆ. ಪಕ್ಷಿ ನೋಡಲು ತಂದಿದ್ದ ದುರ್ಬೀನು ಈಗ ಈ ಸಾಮಾನಿನ ಜೊತೆಗೇ ಇರುತ್ತದೆ. ನೀವೂ ಒಂದು ಇಟ್ಟುಕೊಳ್ಳಿ.

ದಾರದ ಹಿಂದೆ ಹಗ್ಗ ಎಳೆದ ಮೇಲೆ ಒಂದು ತುದಿಯನ್ನು ಮರದ ಬುಡಕ್ಕೆ ಕಟ್ಟುತ್ತೇವೆ, ಇನ್ನೊಂದು ಬದಿಯಲ್ಲಿ ಹತ್ತುವವನು ಏರುತ್ತಾನೆ. ಇಲ್ಲೊಂದು ಲೆಕ್ಕ ಎಲ್ಲರೂ ತಿಳಿಯಬೇಕು. ಬಾವಿಯ ರಾಟೆ ನೆನಪಿಸಿಕೊಳ್ಳಿ. ಕೊಡದ ಭಾರ ಒಂದು ಕಡೆ, ಅದನ್ನು ಹಿಡಿದವರ ಎಳೆತ ಇನ್ನೊಂದು ಕಡೆ, ರಾಟೆಯ ಮೇಲೆ ಎರಡೂ ಬೀಳುತ್ತವೆ. ಹಾಗೇ 70 ಕಿಲೋ ಮನುಷ್ಯ ನೇತಾಡಿದರೆ ಕವಲಿನ ಮೇಲೆ ಬೀಳುವುದು ಸುಮಾರು 140 ಕಿಲೋ. ತೊಗಟೆಯ ತಿಕ್ಕಾಟ ಸ್ವಲ್ಪ ಕಡಿಮೆ ಮಾಡುತ್ತದೆ, ಆದರೆ ಅದನ್ನು ನಂಬಿ ಲೆಕ್ಕ ಹಾಕಬಾರದು. ಎರಡು ಪಟ್ಟು ಅಂತಲೇ ಇಟ್ಟುಕೊಂಡು ಕವಲು ಆರಿಸಬೇಕು. ಹಗ್ಗವನ್ನು ಮೇಲಿನ ಕವಲಿಗೇ ಕುಣಿಕೆ ಹಾಕಿ ಬಿಗಿದರೆ ಹತ್ತುವವನ ಭಾರ ಮಾತ್ರ ಬೀಳುತ್ತದೆ.

ಹಾಗಾದರೆ ಬುಡಕ್ಕೆ ಯಾಕೆ ಕಟ್ಟಬೇಕು? ನಮ್ಮಲ್ಲಿ ಕಾರಣ ಹೆಜ್ಜೇನು. ಮೇಲೆ ಇರುವವನಿಗೆ ಹುಳ ಕಡಿದು ಕೈಕಾಲು ಆಡದಂತಾದರೆ, ಅವನನ್ನು ಕೆಳಗಿಳಿಸಲು ಇನ್ನೊಬ್ಬ ಮೇಲೆ ಹೋಗಬೇಕಾಗುತ್ತದೆ. ಅಷ್ಟು ಹೊತ್ತು ಇರುವುದಿಲ್ಲ. ಹಾರ್ನೆಸ್‌ನಲ್ಲಿ ಅಲುಗಾಡದೆ ನೇತಾಡುವುದೇ ಅಪಾಯ, ಕಾಲಿನಲ್ಲಿ ರಕ್ತ ನಿಂತು ಮನುಷ್ಯ ಬೇಗ ಎಚ್ಚರ ತಪ್ಪುತ್ತಾನೆ. ಬುಡದಲ್ಲಿ ಬರೀ ಗಂಟಿನ ಬದಲು ಹಗ್ಗ ಬಿಡುವ ಸಾಧನ ಕಟ್ಟಿದ್ದರೆ, ಕೆಳಗೆ ನಿಂತವನೇ ಅವನನ್ನು ನಿಧಾನಕ್ಕೆ ಇಳಿಸಬಹುದು. ಇದಕ್ಕೋಸ್ಕರ ನಾನು ಭಾರ ಎರಡು ಪಟ್ಟಾದರೂ ಬುಡದ ಕಟ್ಟನ್ನೇ ಒಪ್ಪುತ್ತೇನೆ. ಷರತ್ತು ಇಷ್ಟೇ. ಬುಡದಲ್ಲಿ ಸಾಧನ ಗೊತ್ತಿರುವ ಒಬ್ಬ ಸದಾ ಇರಬೇಕು, ಆ ಹಗ್ಗದ ಹತ್ತಿರ ಯಾರೂ ಕತ್ತಿ ಆಡಿಸಬಾರದು. ಹಗ್ಗ ಕೆಳಗಿನ ಇನ್ನೊಂದು ಗಟ್ಟಿ ಕೊಂಬೆಯ ಮೇಲೂ ಹಾದಿದ್ದರೆ ಒಳ್ಳೆಯದೇ, ಮೇಲಿನದು ಹೋದರೆ ಅದು ಹಿಡಿಯುತ್ತದೆ.

ಯಾರೂ ಏರುವ ಮೊದಲು ಪರೀಕ್ಷೆ. ಇಬ್ಬರು ಒಟ್ಟಿಗೆ ಹಗ್ಗಕ್ಕೆ ಜೋತು ಬಿದ್ದು ಮೆಲ್ಲಗೆ ಜಗ್ಗುತ್ತಾರೆ, ಮೂರನೆಯವನು ದೂರ ನಿಂತು ದುರ್ಬೀನಿನಲ್ಲಿ ಕವಲನ್ನೇ ನೋಡುತ್ತಾನೆ. ಅಲುಗಾಟ, ಲಟಕ್ ಶಬ್ದ, ಉದುರುವ ತೊಗಟೆ, ಯಾವುದು ಕಂಡರೂ ಬೇರೆ ಕವಲು.

ಮಿಡಿ ಕೊಯ್ಯುವ ಅಣ್ಣ ಮೊದಲು ಒಪ್ಪಿರಲಿಲ್ಲ. "ಹೆಗಡೇರೆ, ಇದನ್ನೆಲ್ಲ ಕಟ್ಟೋ ಹೊತ್ತಿಗೆ ನಾ ಅರ್ಧ ಮರ ಕೊಯ್ದು ಮುಗಿಸ್ತೆ" ಅಂದಿದ್ದರು. ಅವರ ಮಾತಿನಲ್ಲಿ ನಿಜ ಇದೆ, ಹೊತ್ತು ಜಾಸ್ತಿ ಹಿಡಿಯುತ್ತದೆ. ಮೇಲೆ ಹೋಗಿ ಹಗ್ಗದ ಮೇಲೆ ಕೂತು ಕೊಯ್ದು ಬಂದ ಮೇಲೆ ಹೇಳಿದ್ದು ಬೇರೆ: "ಎರಡೂ ಕೈ ಖಾಲಿ ಸಿಗ್ತಾವಲ್ರೀ." ಅಪ್ಪೆಮಿಡಿಯ ಸೊನೆ ಕೈಗೆ, ಕಣ್ಣಿಗೆ ಸಿಡಿಯುವಾಗ ಒಂದು ಕೈಯಲ್ಲಿ ಕೊಂಬೆ ಹಿಡಿದು ಕೆಲಸ ಮಾಡುವ ಕಷ್ಟ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಉಂಗುರದ ಪಟ್ಟಿಯ ಬಗ್ಗೆ ನನಗೆ ಅರ್ಧ ಮನಸ್ಸು. ಒಂದು ಗಟ್ಟಿ ಪಟ್ಟಿ, ಒಂದು ತುದಿಗೆ ದೊಡ್ಡ ಉಂಗುರ, ಇನ್ನೊಂದಕ್ಕೆ ಚಿಕ್ಕದು. ಪಟ್ಟಿಯನ್ನು ಕವಲಿಗೆ ಹಾಕಿ, ಹಗ್ಗವನ್ನು ಉಂಗುರಗಳಲ್ಲಿ ದಾಟಿಸುವುದು. ಹಗ್ಗ ಓಡಾಡಿದರೂ ತೊಗಟೆ ಸವೆಯುವುದಿಲ್ಲ, ಹಗ್ಗವೂ ಸವೆಯುವುದಿಲ್ಲ. ನೂರು ವರ್ಷದ ಅಪ್ಪೆ ಮರಕ್ಕೆ ಗಾಯ ಮಾಡಲು ಯಾರಿಗೆ ಮನಸ್ಸಾಗುತ್ತದೆ? ಕೆಲಸ ಮುಗಿದ ಮೇಲೆ ಹಗ್ಗದ ತುದಿಗೆ ಒಂದು ಗುಂಡು ಸಿಕ್ಕಿಸಿ ಎಳೆದರೆ, ಅದು ದೊಡ್ಡ ಉಂಗುರ ದಾಟಿ ಚಿಕ್ಕದರಲ್ಲಿ ಸಿಕ್ಕಿಕೊಂಡು ಪಟ್ಟಿಯನ್ನು ಕೆಳಗೆ ತರುತ್ತದೆ. ಇದು ಬರಿ ಕೊಂಬೆಯಲ್ಲಿ ಚೆನ್ನಾಗಿ ನಡೆಯುತ್ತದೆ. ನಮ್ಮ ಮರಗಳಲ್ಲಿ ಪಾಚಿ, ಸೀತಾಳೆ, ಬಳ್ಳಿ ತುಂಬಿರುವುದರಿಂದ ಆಗಾಗ ಸಿಕ್ಕಿಕೊಳ್ಳುತ್ತದೆ. ಮರದ ಮೇಲೆ ಅತ್ತಿತ್ತ ಓಡಾಡಿ ಕಸಿ ಕಟ್ಟಲು ಕಡ್ಡಿ ಆರಿಸುವವರಿಗೆ ಇದು ಬೇಕು. ಬರೀ ನೇರ ಏರಿ ಇಳಿಯುವವರು ಈಗಲೇ ಕೊಳ್ಳಬೇಕಾಗಿಲ್ಲ.

ಹಗ್ಗದಲ್ಲಿ ಮಾತ್ರ ಉಳಿತಾಯ ನೋಡಬೇಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ನೈಲಾನ್ ಅಂತ ಕೊಡುವ ಹೊಳಪಿನ ಹಗ್ಗ ಎಷ್ಟೋ ಸಲ ನೈಲಾನೇ ಆಗಿರುವುದಿಲ್ಲ, ಪಾಲಿಪ್ರೊಪಿಲೀನ್ ಆಗಿರುತ್ತದೆ. ಅದು ಸುಮಾರು 160 ಡಿಗ್ರಿಗೇ ಕರಗುತ್ತದೆ. ನೈಲಾನ್ ಆದರೆ 200 ದಾಟಬೇಕು. ಹಗ್ಗದ ಮೇಲೆ ಹಗ್ಗ ಉಜ್ಜಿದರೆ ಬಿಸಿ ಎಷ್ಟು ಏರುತ್ತದೆ ಅಂತ ಇಳಿಯುವಾಗ ಕೈ ಸುಟ್ಟುಕೊಂಡವರಿಗೆ ಗೊತ್ತು. ಬಿಸಿಲಿಗೂ ಅದು ಬೇಗ ಪುಡಿಯಾಗುತ್ತದೆ. ನೀವು ಕೇಳಬೇಕಾದ್ದು 'ಇಎನ್ 1891 ಟೈಪ್ ಎ' ಅನ್ನುವ ಯುರೋಪಿನ ಗುಣಮಟ್ಟದ ಗುರುತು. ಅಂಥ ಹಗ್ಗ ಕಡಿಮೆ ಅಂದರೂ 22 ಕಿಲೋನ್ಯೂಟನ್, ಅಂದರೆ ಎರಡು ಟನ್ನಿಗೂ ಜಾಸ್ತಿ ತಡೆಯಬೇಕು ಎನ್ನುವ ನಿಯಮ ಇದೆ. ಗಂಟು ಹಾಕಿದಲ್ಲಿ ಬಲ ಕಡಿಮೆಯಾಗುತ್ತದೆ, ಅದಕ್ಕೇ ಇಷ್ಟು ಮೀಸಲು ಬೇಕು. ಹಗ್ಗದ ತುದಿಯಲ್ಲಿ ಈ ಗುರುತಿನ ಪಟ್ಟಿ ಅಂಟಿಸಿರುತ್ತಾರೆ, ನೋಡಿಯೇ ದುಡ್ಡು ಕೊಡಿ.

ಕ್ಯಾರಬಿನರ್ ವಿಷಯದಲ್ಲಿ ಒಬ್ಬ ಆನ್‌ಲೈನ್ ಮಾರಾಟಗಾರರಿಂದ ನನಗೆ ಬೇಸರವಾಯಿತು. ಚಿತ್ರದಲ್ಲಿ ಮೂರು ಹಂತದ ಬೀಗದ್ದು, ಬಂದಿದ್ದು ಬೀಗದ ಕೈ ಗೊಂಚಲಿಗೆ ಹಾಕುವಂಥದ್ದು. ಮೈಮೇಲೆ ಬಲದ ಅಂಕಿಯೇ ಇಲ್ಲ. ಹಣ ವಾಪಸು ಬಂತು, ಆದರೆ ನೋಡದೆ ಯಾರಾದರೂ ಅದಕ್ಕೆ ಜೀವ ಕಟ್ಟಿದ್ದರೆ? ಸರಿಯಾದದ್ದರ ಮೈಮೇಲೆ ಕಿಲೋನ್ಯೂಟನ್ ಅಂಕಿ ಮತ್ತು ಇಎನ್ 362 ಅಂತ ಕೊರೆದಿರುತ್ತದೆ. ಬಿಲ್ಲು ಕೊಡುವ, ಫೋನಿನಲ್ಲಿ ಪ್ರಶ್ನೆಗೆ ಉತ್ತರಿಸುವ ಅಂಗಡಿಯಿಂದಲೇ ತರಿಸಿ.

ತಂದ ಮೇಲೆ ಇಡುವ ಜಾಗವೂ ಮುಖ್ಯ. ನಮ್ಮ ಕಡೆ ರಬ್ಬರ್ ಇರುವ ಮನೆಗಳಲ್ಲಿ ಶೀಟು ಮಾಡಲು ಫಾರ್ಮಿಕ್ ಆ್ಯಸಿಡ್ ಇರುತ್ತದೆ. ಅದು ನೈಲಾನನ್ನು ಕರಗಿಸಿಯೇ ಬಿಡುತ್ತದೆ. ಬ್ಯಾಟರಿ ಆ್ಯಸಿಡ್ಡೂ ಅಷ್ಟೇ. ಕೊಟ್ಟಿಗೆಯ ಅಟ್ಟದಲ್ಲಿ ಔಷಧಿ ಡಬ್ಬಿಗಳ ಪಕ್ಕ ಹಗ್ಗ ಇಡಬೇಡಿ. ಪ್ರತಿ ಸಲ ಬಳಸುವ ಮೊದಲು ಪೂರ್ತಿ ಹಗ್ಗವನ್ನು ಬೆರಳ ನಡುವೆ ಹಾಯಿಸಿ. ಎಲ್ಲಾದರೂ ಮೆತ್ತಗೆ ಸಿಕ್ಕರೆ, ಉಬ್ಬಿದ್ದರೆ, ಹೊರಗಿನ ಹೆಣಿಗೆ ಹರಿದಿದ್ದರೆ ಅದು ಇನ್ನು ಮರಕ್ಕಲ್ಲ. ಸೊನೆ, ಮಣ್ಣು ಆದರೆ ಬರೀ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಖರ್ಚು ಹಾರ್ನೆಸ್ ಬಿಟ್ಟು ಮೂವತ್ತು ಸಾವಿರ ದಾಟಿತು. ಒಬ್ಬರಿಗೆ ಇದು ಹೊರೆ. ನಾಲ್ಕೈದು ಮನೆಯವರು ಸೇರಿ ತಗೊಂಡರೆ ಸರಿಹೋಗುತ್ತದೆ, ಮಿಡಿ ಸುಗ್ಗಿ ಹೇಗೂ ಎಲ್ಲರಿಗೂ ಒಂದೇ ದಿನ ಬರುವುದಿಲ್ಲ. ಆದರೆ ಬಲ್ಲವರಿಂದ ಕೈಹಿಡಿದು ಕಲಿಯದೆ ಬರೀ ಸಾಮಾನು ತರಿಸಬೇಡಿ.

ಹಗ್ಗದ ಉದ್ದ ಕೇಳುವಾಗ ಮಾತ್ರ ಸರಿಯಾಗಿ ಲೆಕ್ಕ ಹಾಕಿ. ಅರವತ್ತು ಅಡಿ ಎತ್ತರದ ಕವಲು ಅಂದರೆ 18 ಮೀಟರ್. ಏರಲು 18, ಇನ್ನೊಂದು ಬದಿ ಇಳಿಯಲು 18, ಒಟ್ಟು 36 ಸಾಕು ಅಂತ ಅಂಗಡಿಯವರು ಹೇಳುತ್ತಾರೆ. ಮೇಲಿದ್ದವನನ್ನು ಬುಡದಿಂದಲೇ ಇಳಿಸಬೇಕಾದರೆ ಇನ್ನೂ 18 ಮೀಟರ್ ಬುಡದಲ್ಲಿ ಉಳಿದಿರಬೇಕು. ಕಾಂಡ ಸುತ್ತಲು, ಗಂಟಿಗೆ ಇನ್ನೊಂದೈದು. ಹಾಗಾಗಿ 60 ಮೀಟರಿನದೇ ಒಂದೇ ತುಂಡಾಗಿ ತರಿಸಿ, ಕೆಳಗಿನ ತುದಿಗೆ ಎಂಟರ ಗಂಟು ಹಾಕಿಡಿ.