ಸೇಲ್‌ಗಿಟ್ಟ ಖಾಲಿ ಮನೆಗೆ ಗ್ರಿಲ್ಲಾ, ವೈಫೈ ಕ್ಯಾಮೆರಾನಾ, ಡಿವಿಆರ್ ಸೆಟ್ಟಾ?

ಕುವೆಂಪುನಗರದ ಮನೆ ಮಾರಾಟ ಆಗೋವರೆಗೂ ಖಾಲಿ ಇರುತ್ತೆ, ನಾವಿರೋದು ಬೆಂಗಳೂರಲ್ಲಿ, ಏನ್ ಹಾಕ್ಸೋದು ಅಂತ ಕೇಳಿದ್ರಲ್ಲ, ಮೊದ್ಲು ದುಡ್ಡು ನೋಡಿ. ವೈಫೈ ಕ್ಯಾಮೆರಾ ಒಂದಕ್ಕೆ ಸುಮಾರು 2-3 ಸಾವಿರ, ನಾಲ್ಕು ಕ್ಯಾಮೆರಾ ಡಿವಿಆರ್ (ಕ್ಯಾಮೆರಾದಲ್ಲಿ ಬಂದಿದ್ದನ್ನ ರೆಕಾರ್ಡ್ ಮಾಡಿಡೋ ಪೆಟ್ಟಿಗೆ) ಸೆಟ್ ಫಿಟಿಂಗ್ ಸೇರಿ 15-20 ಸಾವಿರ ಆಗ್ಬಹುದು, ಗ್ರಿಲ್ ಆದ್ರೆ ಕಬ್ಬಿಣದ ತೂಕದ ಮೇಲೆ.

ಆದ್ರೆ ಖಾಲಿ ಮನೇಲಿ ಇಂಟರ್ನೆಟ್ ಕಟ್ ಮಾಡ್ಸಿರ್ತೀರ, ಮೇನ್ ಸ್ವಿಚ್ಚೂ ಆಫ್ ಮಾಡಿ ಹೋಗೋ ಅಭ್ಯಾಸ ನಮ್ ಜನಕ್ಕೆ, ಆಮೇಲೆ ಯಾವ ಕ್ಯಾಮೆರಾ ಏನ್ ಮಾಡುತ್ತೆ ಹೇಳಿ! ಅದಕ್ಕೆ ಸಿಮ್ ಹಾಕೋ 4ಜಿ ಕ್ಯಾಮೆರಾ, ಬ್ಯಾಟರಿ ಇರೋದು ವಾಸಿ. ಡಿವಿಆರ್ ಹಾಕ್ಸಿದ್ರೆ ಮೇನ್ ಆಫ್ ಮಾಡ್ಬೇಡಿ, ಕರೆಂಟ್ ಹೋದಾಗ ನಡೆಯಕ್ಕೆ ಯುಪಿಎಸ್ಸೂ ಬೇಕೇ ಬೇಕು.

ಬಾಳಿಕೆಗೆ ಗ್ರಿಲ್ಲೇ, ಪೇಂಟ್ ಹೊಡೀತಾ ಇದ್ರೆ ವರ್ಷಗಟ್ಲೆ. ಕ್ಯಾಮೆರಾ ಕಳ್ಳನ್ನ ತೋರ್ಸುತ್ತೆ, ಗ್ರಿಲ್ ತಡೆಯುತ್ತೆ. ಹಿಂದೆ ಖಾಲಿ ಸೈಟ್ ಇದ್ರೆ ಗ್ರಿಲ್ಲಿಗೇ ಮೊದ್ಲು ಖರ್ಚು ಮಾಡಿ, ನೋಡಕ್ಕೆ ಬರೋರಿಗೂ ಅದು ಕಣ್ಣಿಗೆ ಬೀಳುತ್ತೆ.

ಮೂರ್ನಾಕು ತಿಂಗಳಲ್ಲಿ ಮಾರೋ ಹಾಗಿದ್ರೆ ಬಿಚ್ಕೊಂಡು ಹೋಗ್ಬಹುದಾದ 4ಜಿ ಕ್ಯಾಮೆರಾ ಸಾಕು. ಬಾಡಿಗೆಗೆ ಕೊಟ್ಟು ನಿಧಾನಕ್ಕೆ ಮಾರ್ತೀವಿ ಅಂದ್ರೆ ಡಿವಿಆರ್ ಹಾಕ್ಸಿ, ಕ್ಯಾಮೆರಾ ಹೊರಗಡೆ ಮಾತ್ರ, ಆ ಸೆಟ್ಟು ಮನೆ ಜೊತೆ ಹೋಗುತ್ತಾ ಇಲ್ವಾ ಅಂತ ಸೇಲ್ ಅಗ್ರಿಮೆಂಟಲ್ಲಿ ಬರೆಸಿ, ಕೀ ಕೊಡೋ ದಿನ ರೆಕಾರ್ಡಿಂಗ್ ಅಳಿಸಿ ಪಾಸ್‌ವರ್ಡ್ ರೀಸೆಟ್ ಮಾಡಿ.

ಇನ್ನೊಂದು, ಎಷ್ಟ್ ಬ್ರೋಕರ್‌ಗಳ ಹತ್ರ ಕೀ ಇದೆ ಲೆಕ್ಕ ಇಟ್ಟಿದೀರಾ? ಒಬ್ಬರಿಗೇ ಕೊಡಿ, ಮುಂಬಾಗಿಲ ಲಾಕ್ ಬದಲಾಯ್ಸಿ.