ಗೇರ್‌ಬಾಕ್ಸ್ ಇಳಿಸಿಯೇ ಇಲ್ಲ, ಬಿಲ್ ಮಾತ್ರ 74,000: ಆಕ್ಟೇವಿಯಾ ವಿಆರ್‌ಎಸ್ ಇರುವವರು ಹುಷಾರು

ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230 ಅಥವಾ 245 ಇರುವವರು ಇದನ್ನು ಪೂರ್ತಿ ಓದಿ. ಆಯಿಲ್ ಲೀಕ್ ಅಂತ ಗ್ಯಾರೇಜಿಗೆ ಹೋದಾಗ "ರಿಯರ್ ಮೇನ್ ಸೀಲ್ ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸಬೇಕು" ಅಂದರೆ ಅಲ್ಲೇ ತಡೆಯಿರಿ. ಹೂಂ ಅನ್ನಬೇಡಿ. (ರಿಯರ್ ಮೇನ್ ಸೀಲ್ ಅಂದರೆ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ಗೇರ್‌ಬಾಕ್ಸ್ ಕಡೆ ಹೊರಬರುವಲ್ಲಿ ಎಣ್ಣೆ ತಡೆಯುವ ಸೀಲ್.) ಬೆಂಗಳೂರಿನ ಒಂದು ಗ್ಯಾರೇಜಿನವರು, ಜರ್ಮನ್ ಗಾಡಿ ಸ್ಪೆಷಲಿಸ್ಟ್ ಅಂತ ಬೋರ್ಡ್ ಹಾಕಿಕೊಂಡವರು, ಈ ಮಾತು ಹೇಳಿ ನನ್ನಿಂದ 74,000 ರೂಪಾಯಿ ತಗೊಂಡರು. ಗೇರ್‌ಬಾಕ್ಸ್ ಇಳಿಸಲೇ ಇಲ್ಲ. ಹೇಳಿಕೊಳ್ಳೋಕೆ ನಾಚಿಕೆಯಾಗುತ್ತೆ, ಆದರೆ ಸುಮ್ಮನಿದ್ದರೆ ಇನ್ನೊಬ್ಬರಿಗೂ ಇದೇ ಟೋಪಿ ಬೀಳುತ್ತೆ.

ಗಾಡಿ ನಿಂತ ಕಡೆ ಗೇರ್‌ಬಾಕ್ಸ್ ಕೆಳಗೆ ಎಣ್ಣೆ ಕಲೆ. ಅವರು ಮಾಡಿದ ಡಯಾಗ್ನೋಸಿಸ್ ಏನು ಗೊತ್ತಾ? ಲಿಫ್ಟಿಗೆ ಹಾಕಿ, ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಸಂದಿಗೆ ಬೆರಳು ಸವರಿ, ಎಣ್ಣೆ ಹತ್ತಿದ ಬೆರಳು ತೋರಿಸಿದ್ದು. ಅಷ್ಟೇ. ತೊಳೆದು ನೋಡಲಿಲ್ಲ, ಲೀಕ್ ಹುಡುಕೋಕೆ ಎಣ್ಣೆಗೆ ಬೆರೆಸುವ ಹೊಳೆಯುವ ಡೈ ಹಾಕಲಿಲ್ಲ, ಮೇಲಿನ ಎಂಜಿನ್ ಕವರ್ ಕೂಡ ಎತ್ತಲಿಲ್ಲ.

ಎಣ್ಣೆ ತೊಟ್ಟಿಕ್ಕುವ ಜಾಗವೇ ಲೀಕ್ ಆಗುವ ಜಾಗ ಅಲ್ಲ. ಈ ಎಂಜಿನ್ನಿನಲ್ಲಿ, ಅಂದರೆ ಇಎ888 ಮೂರನೇ ಜನರೇಶನ್ನಿನಲ್ಲಿ, ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆಯುವಂತೆ ಮಾಡುವ ಟೈಮಿಂಗ್ ಚೈನ್ ಇರೋದು ಡ್ರೈವರ್ ಕಡೆ, ಗೇರ್‌ಬಾಕ್ಸ್ ಎಡಗಡೆ. ಚೈನ್ ಮುಚ್ಚುವ ಅಪ್ಪರ್ ಟೈಮಿಂಗ್ ಕವರ್ ಪ್ಲಾಸ್ಟಿಕ್ಕಿನದು. ಅದರ ಗ್ಯಾಸ್ಕೆಟ್, ಅದರ ಮೇಲೆ ಕೂರುವ, ವಾಲ್ವ್ ಟೈಮಿಂಗ್ ಹೊಂದಿಸುವ ಎರಡು ಕ್ಯಾಮ್ ಮ್ಯಾಗ್ನೆಟ್‌ಗಳ ಸೀಲ್, ಇವೆರಡೂ ಶಾಖಕ್ಕೆ ಗಟ್ಟಿಯಾಗಿ ಜಿನುಗೋದು ತೀರಾ ಸಾಮಾನ್ಯ. ಜಿನುಗಿದ ಎಣ್ಣೆ ಕೆಳಗಿನ ಕವರ್ ಮೇಲೆ ಇಳಿದು ಸಂಪ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ಅಂಚು ಹಿಡಿದುಕೊಂಡು ಹರಿಯುತ್ತೆ, ಎಂಜಿನ್ ಕೆಳಗೆ ಹಾಕಿರುವ ಅಂಡರ್‌ಟ್ರೇ ಮೇಲೆ ಬಿದ್ದದ್ದನ್ನು ಗಾಳಿ ಹಿಂದಕ್ಕೂ ಪಕ್ಕಕ್ಕೂ ತಳ್ಳುತ್ತೆ. ಕೊನೆಗೆ ಟ್ರೇ ಎಲ್ಲಿ ತಗ್ಗಾಗಿದೆಯೋ ಅಲ್ಲಿ ತೊಟ್ಟಿಕ್ಕುತ್ತೆ. ಕೆಳಗಿನಿಂದ ನೋಡಿದರೆ ಗೇರ್‌ಬಾಕ್ಸ್ ಕಡೆಯಿಂದ ಬಂದ ಹಾಗೇ ಕಾಣುತ್ತೆ. ಈ ಗಾಡಿಗಳ ಮೇಲೆ ಕೆಲಸ ಮಾಡುವವರಿಗೆ ಇದು ಗೊತ್ತಿಲ್ಲದೆ ಇರೋಕೆ ಸಾಧ್ಯವೇ ಇಲ್ಲ.

ಬಿಲ್ ಕಟ್ಟಿ ಗಾಡಿ ತಂದ ಮೇಲೂ ಅದೇ ಜಾಗದಲ್ಲಿ ಅದೇ ಕಲೆ. ಬೇರೆ ಮೆಕ್ಯಾನಿಕ್ ಒಬ್ಬರು ಲಿಫ್ಟಿಗೆ ಹಾಕಿ ಟ್ರೇ ಬಿಚ್ಚಿ ನೇರವಾಗಿ ಚಕ್ರ ತಿರುಗಿಸುವ ಡ್ರೈವ್‌ಶಾಫ್ಟ್ ಗೇರ್‌ಬಾಕ್ಸಿಗೆ ಸೇರುವ ಫ್ಲೇಂಜಿಗೆ ಟಾರ್ಚ್ ಬಿಟ್ಟರು. ಆ ಬೋಲ್ಟ್‌ಗಳ ತಲೆಯಲ್ಲಿ ಹನ್ನೆರಡು ಹಲ್ಲಿನ ಗುಳಿ ಇರುತ್ತೆ. ಪ್ರತಿಯೊಂದರಲ್ಲೂ ಕರಿ ಮಣ್ಣು ಎಣ್ಣೆ ಸೇರಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಒಂದನ್ನು ಮೊನೆಯಿಂದ ಕೆದಕಿದರು, ಹೆಕ್ಕಳೆ ಹೆಕ್ಕಳೆಯಾಗಿ ಉದುರಿತು. "ಇದನ್ನ ಕೆದಕದೆ ಟೂಲ್ ಬಿಟ್ ಕೂರಲ್ಲ ಸಾರ್. ಶಾಫ್ಟ್ ಬಿಚ್ಚದೆ ಗೇರ್‌ಬಾಕ್ಸ್ ಬರಲ್ಲ. ಇದನ್ಯಾರೂ ಮುಟ್ಟಿಲ್ಲ" ಅಂದರು. ಎರಡೂ ಕಡೆ ಅದೇ ಕಥೆ. ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸುವ ಬೆಲ್ ಹೌಸಿಂಗ್ ಬೋಲ್ಟುಗಳ ಮೇಲೂ ಹಳೇ ಧೂಳು ಹಾಗೇ ಕೂತಿತ್ತು, ಸ್ಪ್ಯಾನರ್ ತಾಗಿದ ಒಂದು ಗೀರಿಲ್ಲ.

ಆಮೇಲೆ ಮೇಲಿನ ಕವರ್ ಎತ್ತಿದರು. ಅಪ್ಪರ್ ಟೈಮಿಂಗ್ ಕವರಿನ ಕೆಳಮೂಲೆಯಲ್ಲಿ ಹೊರಗಡೆಯಿಂದ ಬೆರಳಲ್ಲಿ ಸವರಿದ ಸಿಲಿಕಾನ್ ಪೇಸ್ಟ್! ಹೊಸದು. ಎಣ್ಣೆ ಒರೆಸದೆ ಅದರ ಮೇಲೇ ಮೆತ್ತಿದ್ದಾರೆ, ಒಂದು ಕಡೆ ಆಗಲೇ ಎದ್ದುಕೊಂಡಿದೆ. ಅಂದರೆ ಲೀಕ್ ಎಲ್ಲಿ ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅಲ್ಲಿ ಪೇಸ್ಟ್ ಮೆತ್ತಿ, ಇಲ್ಲಿ ರಿಯರ್ ಮೇನ್ ಸೀಲಿಗೆ ಬಿಲ್ ಬರೆದರು. ನನಗೆ ಹೊಟ್ಟೆ ಉರಿಯೋದು ಇದಕ್ಕೇ. ತಿಳಿಯದೆ ಮಾಡಿದ್ದಲ್ಲ, ತಿಳಿದೇ ಮಾಡಿದ್ದು.

ಫೋನ್ ಮಾಡಿದರೆ ಮೊದಲು ಬಂದ ಉತ್ತರ: "ನಾವು ಬೋಲ್ಟ್ ಕ್ಲೀನ್ ಮಾಡೇ ಹಾಕಿದ್ದು ಸಾರ್, ಮಳೇಲಿ ಓಡಿಸಿದ್ದೀರ, ಮಣ್ಣು ಹತ್ತಿರುತ್ತೆ." ಹತ್ತಿರದ ಫೋಟೋ ಕಳಿಸಿದೆ. ಆಗ "ಶಾಫ್ಟ್ ಬಿಚ್ಚದೇನೇ ಮಾಡೋ ಮೆಥಡ್ ಇದೆ ಸಾರ್, ನಮ್ಮ ಹುಡುಗರಿಗೆ ಎಕ್ಸ್‌ಪೀರಿಯನ್ಸ್ ಇದೆ." ಅಂಥ ಮೆಥಡ್ ಯಾವುದೂ ಇಲ್ಲ. ಹಳೇ ಸೀಲ್ ಕೊಡಿ ಅಂದರೆ "ಸ್ಕ್ರ್ಯಾಪ್‌ನವನು ತಗೊಂಡೋದ." ಹೊಸ ಸೀಲಿನ ಪರ್ಚೇಸ್ ಬಿಲ್ ತೋರಿಸಿ ಅಂದರೆ "ಅದು ನಮ್ಮ ಇಂಟರ್ನಲ್." ಕೊನೆಗೆ "ಸ್ಟೇಜ್ 1 ಟ್ಯೂನ್ ಹಾಕ್ಸಿದ್ದೀರಲ್ಲ ಸಾರ್, ಇಂಥ ಗಾಡಿ ಎಳೆದ್ರೆ ಲೀಕ್ ಆಗೇ ಆಗುತ್ತೆ." ಪವರ್ ಹೆಚ್ಚಿಸೋಕೆ ಎಂಜಿನ್ ಸಾಫ್ಟ್‌ವೇರ್ ಬದಲಿಸುವ ಟ್ಯೂನ್‌ಗೂ ಬಿಚ್ಚದ ಬೋಲ್ಟಿಗೂ ಏನು ಸಂಬಂಧ? ಆಮೇಲೆ ಫೋನ್ ಎತ್ತೋದೇ ನಿಲ್ಲಿಸಿದರು.

ನಿಜವಾಗಿ ಗೇರ್‌ಬಾಕ್ಸ್ ಇಳಿಸಿದರೆ ಬಿಲ್ಲೇ ಹೇಳುತ್ತೆ. ಸೀಲ್ ಫ್ಲೇಂಜ್, ಸಬ್‌ಫ್ರೇಮ್ ಮತ್ತು ಡ್ರೈವ್‌ಶಾಫ್ಟಿನ ಹೊಸ ಬೋಲ್ಟ್‌ಗಳು, ಸಬ್‌ಫ್ರೇಮ್ ಕದಲಿಸಿದ ಮೇಲೆ ವೀಲ್ ಅಲೈನ್‌ಮೆಂಟ್, ಇಷ್ಟಾದರೂ ಬೇಕು. ನನ್ನ ಬಿಲ್ಲಿನಲ್ಲಿ ಇದ್ದದ್ದು "ಸೀಲ್ ಕಿಟ್", "ಲೇಬರ್", "ಕನ್ಸ್ಯೂಮೆಬಲ್ಸ್".

ಸರಿಯಾದ ಪರೀಕ್ಷೆ ಹೀಗೆ. ಟ್ರೇ ಬಿಚ್ಚಿಸಿ. ಎಂಜಿನ್ ಪೂರ್ತಿ ಡಿಗ್ರೀಸರ್ ಹಾಕಿ ತೊಳೆಸಿ ಒಣಗಿಸಿ. ಎಂಜಿನ್ ಆಯಿಲಿಗೆ ಯುವಿ ಡೈ ಹಾಕಿಸಿ, 50ರಿಂದ 100 ಕಿಲೋಮೀಟರ್ ಓಡಿಸಿ, ಯುವಿ ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡಬೇಕು. ಎಲ್ಲಕ್ಕಿಂತ ಮೇಲೆ ಹೊಳೆಯುವ ಜಾಗವೇ ಮೂಲ. 230ರ ಆರು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕ್ಲಚ್ ಎಣ್ಣೆಯಲ್ಲೇ ಮುಳುಗಿರುತ್ತೆ, ಹಾಗಾಗಿ ಬೆಲ್ ಹೌಸಿಂಗಿನಲ್ಲಿ ಕಾಣುವ ಎಣ್ಣೆ ಗೇರ್‌ಬಾಕ್ಸಿನದ್ದೂ ಇರಬಹುದು. ಡೈ ಎಂಜಿನ್ ಆಯಿಲಿಗೆ ಮಾತ್ರ ಹಾಕಿದ್ದರಿಂದ ಹೊಳೆಯದಿದ್ದರೆ ಅದು ಎಂಜಿನ್ನಿನದಲ್ಲ. ಫಿಲ್ಟರ್ ಬದಲಿಸುವಾಗ ಚೆಲ್ಲಿದ ಎಣ್ಣೆಯನ್ನೂ ಲೀಕ್ ಅಂತ ತೋರಿಸುವವರಿದ್ದಾರೆ. ಪ್ಲಾಸ್ಟಿಕ್ ಸಂಪ್ ಇರುವ ಗಾಡಿಯಲ್ಲಿ ಡ್ರೈನ್ ಪ್ಲಗ್ ಪ್ರತಿ ಸರ್ವೀಸಿಗೂ ಹೊಸದು ಹಾಕಬೇಕು, ಹಳೆಯದನ್ನೇ ತಿರುಗಿಸಿ ಬಿಟ್ಟರೆ ಅಲ್ಲೂ ಜಿನುಗುತ್ತೆ.

ರಿಯರ್ ಮೇನ್ ಸೀಲ್ ಹೋಗೋದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹೋದರೆ ಕಾರಣ ಹೆಚ್ಚಾಗಿ ಪಿಸಿವಿ, ಅಂದರೆ ಎಂಜಿನ್ ಒಳಗಿನ ಹೊಗೆಯಿಂದ ಎಣ್ಣೆ ಬೇರೆ ಮಾಡಿ ಇಂಟೇಕಿಗೆ ಕಳಿಸುವ ಭಾಗ. ಎಂಜಿನ್ ತಲೆಯ ಮೇಲೆ ಕೂರುವ ಆ ಆಯಿಲ್ ಸೆಪರೇಟರ್ ಒಳಗಿನ ರಬ್ಬರ್ ಪೊರೆ ಹರಿದರೆ ಇಂಟೇಕ್ ನಿರ್ವಾತ ಇಡೀ ಕ್ರ್ಯಾಂಕ್‌ಕೇಸನ್ನೇ ಎಳೆಯುತ್ತೆ, ಸೀಲಿನ ತುಟಿ ಒಳಕ್ಕೆ ಸೆಳೆದು ಸಿಳ್ಳೆ ಹೊಡೆಯುತ್ತೆ. ಐಡಲ್‌ನಲ್ಲಿ ಆಯಿಲ್ ಕ್ಯಾಪ್ ತೆಗೆದು ನೋಡಿ. ಸಣ್ಣ ಸೆಳೆತ ಇದ್ದರೆ ಸರಿ. ಎತ್ತೋಕೇ ಆಗದಷ್ಟು ಹಿಡಿದರೆ, ಡಿಪ್‌ಸ್ಟಿಕ್ ಎಳೆದ ತಕ್ಷಣ ಸಿಳ್ಳೆ ನಿಂತರೆ, ಪಿಸಿವಿ ಹೋಗಿದೆ. ಅದನ್ನು ಬದಲಿಸೋಕೆ ಗೇರ್‌ಬಾಕ್ಸ್ ಇಳಿಸಬೇಕಿಲ್ಲ, ಮೇಲಿನಿಂದಲೇ ಆಗುತ್ತೆ. ಅದನ್ನು ಬಿಟ್ಟು ಸೀಲ್ ಮಾತ್ರ ಹಾಕಿದರೆ ಹೊಸ ಸೀಲೂ ಹೋಗುತ್ತೆ. ಆ ಗ್ಯಾರೇಜಿನವರು ಈ ಕ್ಯಾಪ್ ತೆಗೆದೂ ನೋಡಲಿಲ್ಲ.

ನನ್ನ ಗಾಡಿಗೆ ಕೊನೆಗೆ ಬೇಕಾದದ್ದು ಹೊಸ ಅಪ್ಪರ್ ಕವರ್, ಎರಡು ಮ್ಯಾಗ್ನೆಟ್ ಸೀಲ್, ಜೋಡಣೆ ಸೇರುವ ಮೂಲೆಗಳಿಗೆ ಚಿಟಿಕೆಯಷ್ಟು ಸೀಲೆಂಟ್. ಹಾಕುವ ಮುನ್ನ ಜಾಗ ಎಣ್ಣೆಯ ಪಸೆಯಿಲ್ಲದಂತೆ ಒಣಗಿರಬೇಕು, ಇಲ್ಲದಿದ್ದರೆ ಹಿಡಿಯಲ್ಲ. ಜಾಸ್ತಿ ಮೆತ್ತಿದರೆ ಒಳಕ್ಕೆ ಉದುರಿ ಸಂಪ್‌ನಲ್ಲಿ ಎಣ್ಣೆ ಹೀರುವ ಪಿಕಪ್ ಜಾಲರಿಗೆ ಸಿಕ್ಕಿಕೊಳ್ಳುತ್ತೆ, ಆಯಿಲ್ ಪ್ರೆಶರ್ ಹೋದರೆ ಎಂಜಿನ್ನೇ ಹೋಯಿತು. ಆ ಕಡೆಯೇ ಬೆಲ್ಟೂ ಎಂಜಿನ್ ಮೌಂಟೂ ಇವೆ, ಎಣ್ಣೆ ಕುಡಿದ ರಬ್ಬರ್ ಉಬ್ಬಿ ಹಾಳಾಗುತ್ತೆ, ಅವನ್ನೂ ನೋಡಿಸಿ. ಆಯಿಲ್ ಖಾಲಿ ಮಾಡಿಸಿದ್ದರೆ ಫಿಲ್ಟರ್ ಸಮೇತ 5.7 ಲೀಟರ್, ಡಬ್ಬದ ಮೇಲೆ ವಿಡಬ್ಲ್ಯು 502 00 ಅಥವಾ 504 00 ಅಂತ ಇರಲಿ. ಎಲ್ಲ ಸೇರಿ ಆ 74,000ದ ಕಾಲು ಭಾಗವೂ ಆಗಲಿಲ್ಲ.

ಗೇರ್‌ಬಾಕ್ಸ್ ಇಳಿಸಲೇಬೇಕು ಅಂದರೆ, ಇಳಿಸಿದ ಮೇಲೆ ನಾನೇ ಬಂದು ನೋಡುತ್ತೇನೆ ಅನ್ನಿ, ಹಳೇ ಪಾರ್ಟ್ ಬೇಕು ಅಂತ ಜಾಬ್ ಕಾರ್ಡಿನಲ್ಲೇ ಬರೆಸಿ. ಪಾರ್ಟ್ ನಂಬರ್ ಇರುವ ಜಿಎಸ್‌ಟಿ ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಸಹಾಯವಾಣಿ 1915. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. ನಾನು ಬೋಲ್ಟ್‌ಗಳ ಫೋಟೋ, ಪೇಸ್ಟ್ ಮೆತ್ತಿದ ಕವರ್, ಅವರ ಬಿಲ್, ಎಲ್ಲ ಎತ್ತಿಟ್ಟಿದ್ದೇನೆ. ದೂರು ಕೊಡುತ್ತಿದ್ದೇನೆ.