ಹಳೇ ಕಿರ್ಲೋಸ್ಕರ್, ಹೊಸ ಲೈಟ್ ಡ್ಯೂಟಿ, ಸಿಎನ್‌ಸಿ: ಪ್ರಯೋಗದ ವರ್ಕ್‌ಶಾಪ್‌ಗೆ ಯಾವ ಲೇತ್?

ದಾವಣಗೆರೆಯ ನಮ್ಮ ವರ್ಕ್‌ಶಾಪ್‌ನಲ್ಲಿ ಮೆಕ್ಕೆಜೋಳ ಬಿಡಿಸುವ, ಅಡಿಕೆ ಸುಲಿಯುವ ಯಂತ್ರಗಳ ಮಾದರಿ ತಯಾರಿಸುತ್ತೇವೆ. ಶಾಫ್ಟ್ ಮಾಡು, ಹಾಕಿ ನೋಡು, ಕೂರಲಿಲ್ಲವಾ, ಅರ್ಧ ಮಿಮೀ ತೆಗೆದು ಮತ್ತೆ ಹಾಕು. ಹೊಸ ಯಂತ್ರಕ್ಕೆ ಹಣ ಕೇಳಿದರೆ ಪಾಲುದಾರರ ಮೊದಲ ಪ್ರಶ್ನೆ, ಗಂಟೆಗೆ ಎಷ್ಟು ಪೀಸ್ ಅಂತ. ಆ ಲೆಕ್ಕ ಇಲ್ಲಿ ಸುಮ್ನೆ ದಾರಿ ತಪ್ಪಿಸುತ್ತದೆ. ಡ್ರಾಯಿಂಗ್ ಬದಲಾದ ಮೇಲೆ ಮುಂದಿನ ಪೀಸ್ ಕೈಗೆ ಬರಲು ಎಷ್ಟು ಹೊತ್ತು ಬೇಕು, ಅದನ್ನು ನೋಡಬೇಕು. ಹಾಗಾಗಿ ಇಎನ್ 8 ಉಕ್ಕಿನ ರಾಡ್‌ನಲ್ಲಿ ಅದೇ 25 ಮಿಮೀ ಶಾಫ್ಟನ್ನು ಹಳೇ ಕಿರ್ಲೋಸ್ಕರ್, ಹೊಸ ಲೈಟ್ ಡ್ಯೂಟಿ, ಕಂಪ್ಯೂಟರ್ ನಡೆಸುವ ಸಿಎನ್‌ಸಿ, ಈ ಮೂರೂ ಲೇತ್‌ಗಳಲ್ಲಿ ತಿರುಗಿಸಿ ನೋಡಿದೆ.

ಹಳೇ ಲೇತ್ ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. ಬೀಡು ಕಬ್ಬಿಣ ದಪ್ಪ, ಆಳವಾಗಿ ಕಟ್ ಕೊಟ್ಟರೂ ನಡುಗುವುದಿಲ್ಲ. ಆದರೆ ಕೆಲಸವೆಲ್ಲ ರಾಡ್ ಹಿಡಿಯುವ ಚಕ್ ಹತ್ತಿರವೇ ನಡೆಯುವುದರಿಂದ, ಟೂಲ್ ಸರಿದಾಡುವ ಬೆಡ್ ಅಲ್ಲೇ ಜಾಸ್ತಿ ಸವೆದಿರುತ್ತದೆ, ಉದ್ದದ ಶಾಫ್ಟ್ ತಿರುಗಿಸಿದರೆ ಟೇಪರ್ ಬರುತ್ತದೆ, ಅಂದರೆ ಒಂದು ತುದಿ ದಪ್ಪ, ಇನ್ನೊಂದು ಸಣ್ಣ. ಟೂಲ್ ಎಲ್ಲಿದೆ ಎಂದು ಅಂಕಿಯಲ್ಲಿ ತೋರಿಸುವ ಡಿಆರ್‌ಓ ಹಾಕಿದರೆ, ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್ ಸ್ಕ್ರೂವಿನ ಬ್ಯಾಕ್‌ಲ್ಯಾಶ್ (ಸಡಿಲ) ಕಾಟ ತಪ್ಪುತ್ತದೆ, ಬೆಡ್ ಸವೆತ ಮಾತ್ರ ತಪ್ಪುವುದಿಲ್ಲ. ಅದಕ್ಕೆ ಗ್ರೈಂಡಿಂಗ್, ಸ್ಕ್ರೇಪಿಂಗ್ ಬೇಕೇ ಬೇಕು. ವೇಗವೂ ಕಡಿಮೆ. ಟೂಲ್ ತುದಿಗೆ ಕೂರಿಸುವ ಕಾರ್ಬೈಡ್ ಇನ್ಸರ್ಟನ್ನು ನಿಮಿಷಕ್ಕೆ 150 ಮೀಟರ್ ವೇಗದಲ್ಲಿ ಓಡಿಸಲು ಈ ಅಳತೆಗೆ ಸುಮಾರು 1900 ಆರ್‌ಪಿಎಂ ಬೇಕು, ಅಷ್ಟು ಇದರಲ್ಲಿಲ್ಲ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್‌ನಲ್ಲಿ 30 ಮೀಟರ್‌ಗೆ 380 ಆರ್‌ಪಿಎಂ ಸಾಕು, ಆರಾಮವಾಗಿ ಓಡುತ್ತದೆ.

ಹೊಸ ಲೈಟ್ ಡ್ಯೂಟಿ ಲೇತ್‌ನಲ್ಲಿ ವೇಗವಿದೆ, ನಿಖರತೆ ನೋಡುವ ಡಯಲ್ ಗೇಜ್‌ಗೂ ಒಪ್ಪಿತು. ಆದರೆ ಪೀಸ್ ಕತ್ತರಿಸಿ ಬೇರ್ಪಡಿಸುವ ಪಾರ್ಟಿಂಗ್ ಟೂಲ್ ಇಟ್ಟ ಕೂಡಲೇ ನಡುಗಿ ಕಿರುಚಿತು. ತೂಕವಿಲ್ಲದ ಲೇತ್ ನನಗೆ ಬೇಡ.

ಸಿಎನ್‌ಸಿಯಲ್ಲಿ ಫಿನಿಶ್ ನೋಡಿ ಖುಷಿಯಾಯಿತು, ನಿಜಕ್ಕೂ ಚೆಂದ. ಆದರೆ ಒಂದೇ ಪೀಸ್‌ಗೆ ಪ್ರೋಗ್ರಾಂ ಬರೆದು, ಟೂಲ್ ಆಫ್‌ಸೆಟ್ (ಟೂಲ್ ತುದಿ ಎಲ್ಲಿದೆ ಎಂಬ ಅಳತೆ) ಹಿಡಿದು, ಪೀಸ್ ಹಿಡಿಯುವ ಸಾಫ್ಟ್ ಜಾ ಅಳತೆಗೆ ಬೋರ್ ಮಾಡುವಷ್ಟರಲ್ಲಿ ಹಳೇ ಲೇತ್‌ನಲ್ಲಿ ಶಾಫ್ಟ್ ಮುಗಿದೇ ಹೋಗಿರುತ್ತದೆ. ಅದೇ ಶಾಫ್ಟ್ ಐವತ್ತು ಬೇಕೆಂದರೆ ಮಾತು ಬೇರೆ, ಆಗ ಹೊರಗೆ ಜಾಬ್ ವರ್ಕ್ ಕೊಟ್ಟರಾಯಿತು ಅಲ್ವಾ.

ಪಾಲುದಾರರ ಮುಂದೆ ಇಟ್ಟದ್ದು ಇಷ್ಟು: ಹಳೇ ಕಿರ್ಲೋಸ್ಕರ್, ಅದಕ್ಕೆ ಬೆಡ್ ಕೆಲಸ ಮತ್ತು ಡಿಆರ್‌ಓ. ಸಿಎನ್‌ಸಿಗೆ ಹೋಗಬೇಕಿದ್ದ ಹಣದಲ್ಲಿ ಹೊಸ ಮಿಲ್ಲಿಂಗ್ ಮಷಿನ್, ಯಾಕೆಂದರೆ ಶಾಫ್ಟ್‌ನಲ್ಲಿ ಕೀ ಕೂರುವ ಗಾಡಿಗೂ (ಕೀವೇ) ರಂಧ್ರಗಳ ಜಾಗ ಹಿಡಿಯುವುದಕ್ಕೂ ಈಗ ಪ್ರತಿ ಮಾದರಿಯನ್ನು ಹೊರಗೆ ಕಳಿಸಿ ಕಾಯುತ್ತಿದ್ದೇವೆ.